ಹಳೇ ಪ್ಲೇಟಿನ ಹಾಡು ಮೂರೇ ನಿಮಿಷಕ್ಕೆ ಯಾಕೆ ಮುಗಿಯುತ್ತದೆ?

ಪ್ರಶ್ನೆ: ನಮ್ಮ ಅಜ್ಜಾರ ಟ್ರಂಕಿನ್ಯಾಗ ಗ್ರಾಮೊಫೋನ್ ಪ್ಲೇಟು ಸಿಕ್ಕಾವ್ರೀ. ಎಲ್ಲಾ ಹಾಡೂ ಮೂರು ನಿಮಿಷ ಚಿಲ್ರಿಗೆ ಮುಗೀತಾವಂತ. ಹಿಂಗ್ಯಾಕ? ಈಗಿನ ಪ್ಲೇಯರಿನ್ಯಾಗ ಹಾಕಬಹುದೇನ್ರಿ?
– ಕೊಪ್ಪಳದ ಓದುಗರು

ಉತ್ತರ: ಪ್ಲೇಟಿನಲ್ಲಿ ಜಾಗ ಇರುವುದೇ ಅಷ್ಟು. 10 ಇಂಚಿನ ಪ್ಲೇಟಿನಲ್ಲಿ ಅಂಚು, ನಡುವಿನ ಲೇಬಲ್ ಬಿಟ್ಟರೆ ಗೆರೆ ಕೊರೆಯಲು ಉಳಿಯುವುದು ಸುಮಾರು ಎರಡೂಮುಕ್ಕಾಲು ಇಂಚು. ಇಂಚಿಗೆ 95 ಸುತ್ತು ಹಿಡಿದರೆ ಒಟ್ಟು 260. ನಿಮಿಷಕ್ಕೆ 78 ಸಲ ತಿರುಗುವ ಪ್ಲೇಟು ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಖಾಲಿ.

1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಣ ಮಾಡಿಕೊಂಡಾಗ ಗಾಯಕಿ ಗೌಹರ್ ಜಾನ್ ಇಷ್ಟರೊಳಗೇ ರಾಗವನ್ನು ಮಡಚಿ ಕೂರಿಸಬೇಕಾಯಿತು. ಹಾಡು ಮುಗಿದದ್ದೇ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಇದು ಯಾರ ದನಿ ಅಂತ ಅಲ್ಲಿಯವರಿಗೆ ತಿಳಿಯಬೇಕಲ್ಲ! (ಈಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಅಲ್ಲೇ ತೀರಿಕೊಂಡರು.) ನಮ್ಮ ಕಡೆ ವನ್ಸ್ ಮೋರ್ ಬಿದ್ದಷ್ಟೂ ಹಿಗ್ಗುತ್ತಿದ್ದ ಕಂಪನಿ ನಾಟಕದ ಹಾಡಿಗೂ ಪ್ಲೇಟಿಗಿಳಿದಾಗ ಇದೇ ಅಳತೆ. 1948ರಲ್ಲಿ ಒಂದು ಬದಿಗೆ 20 ನಿಮಿಷ ದಾಟುವ ಎಲ್‌ಪಿ (ಲಾಂಗ್ ಪ್ಲೇ) ಪ್ಲೇಟು ಬಂತು. ಆದರೂ ಸಿನಿಮಾ ಹಾಡು ಮೂರ್ನಾಲ್ಕು ನಿಮಿಷದ ರೂಢಿ ಬಿಡಲಿಲ್ಲ.

ಇನ್ನು ಪ್ಲೇಯರಿನ ಮಾತು. ಮೊದಲು 78ರ ವೇಗ ಇದೆಯೇ ನೋಡಿ. ಹೊಸವು ಎಷ್ಟೋ 33, 45ಕ್ಕೇ ನಿಲ್ಲುತ್ತವೆ. ವೇಗ ಇದ್ದರೂ ಎಲ್‌ಪಿ ಮುಳ್ಳು ನಡೆಯದು. ಅದರ ತುದಿ ತೀರಾ ಸಣ್ಣ, ಹಳೇ ಪ್ಲೇಟಿನ ಗೆರೆ ಅಗಲ. ಮುಳ್ಳು ತಳಕ್ಕಿಳಿದು ಕಸ ಕೆರೆಯುತ್ತದೆ, ಹಾಡಿಗಿಂತ ಒಗ್ಗರಣೆಯ ಚಟಪಟವೇ ಜೋರು. ಅಂಗಡಿಯಲ್ಲಿ 3 ಮಿಲ್ ಮುಳ್ಳು, ಅಂದರೆ ಸುಮಾರು 75 ಮೈಕ್ರಾನಿನದು ಕೇಳಿ. ಅಜ್ಜನ ಗ್ರಾಮೊಫೋನೇ ಇದ್ದರೆ ಒಂದು ಬದಿಗೆ ಒಂದು ಉಕ್ಕಿನ ಮುಳ್ಳು. ಸವೆದ ಮುಳ್ಳು ಗೆರೆಯನ್ನೇ ಕಿತ್ತುಹಾಕುತ್ತದೆ. ಆ ಗ್ರಾಮೊಫೋನಿನ ಮೇಲೆ ಎಲ್‌ಪಿ ಮಾತ್ರ ಇಡಬೇಡಿ. ಮುಳ್ಳು ಸಿಕ್ಕಿಸುವ ಸೌಂಡ್‌ಬಾಕ್ಸಿನ ಭಾರ 100 ಗ್ರಾಂ ಮೇಲೆ, ಎಲ್‌ಪಿ ತಾಳುವುದು ಎರಡು ಗ್ರಾಂ ಆಸುಪಾಸು.

ಒರೆಸಲು ಸ್ಪಿರಿಟ್, ಸ್ಯಾನಿಟೈಸರ್ ಮುಟ್ಟಿಸಲೇಬೇಡಿ. ಪ್ಲೇಟು ಅರಗಿನದು, ಕರಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸಾಕು. ಮೆತ್ತನೆ ಬಟ್ಟೆ ಅದ್ದಿ, ಲೇಬಲ್ ನೆನೆಯದಂತೆ ಗೆರೆಯ ಗುಂಟ ಒರೆಸಿ. ನಮ್ಮ ಬ್ಯಾಸಗಿಗೆ ತಗಡಿನ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟ ಪ್ಲೇಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ತಂಪಿನ ಕೋಣೆಯಲ್ಲಿ ನಿಲ್ಲಿಸಿಡಿ. ಹಚ್ಚುವ ಮುನ್ನ ಒಮ್ಮೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯ ಬಿರುಕು ಕಂಡರೆ ತಿರುಗಿಸಬೇಡಿ, ಮುಳ್ಳು ಅದಕ್ಕೆ ಸಿಕ್ಕರೆ ಎರಡೂ ಹೋಗುತ್ತವೆ.