ಭಯದ ಹತ್ತಿರಕ್ಕೇ ಕರೆದೊಯ್ಯುವ ಚಿಕಿತ್ಸೆ

ಹೆದರಿದವರ ಮೇಲೆ ಹಾವು ಎಸೆದರು ಅನ್ನುವ ಮಾತಿದೆಯಲ್ಲ, ಎಕ್ಸ್‌ಪೋಷರ್ ಥೆರಪಿ ಅಂದರೆ ಅದೇ ಅಂದುಕೊಂಡವರು ಜಾಸ್ತಿ. ಇಲ್ಲಿ ಯಾರೂ ಹಾವು ಎಸೆಯುವುದಿಲ್ಲ. ಭಯದ ಹತ್ತಿರ ಹೋಗುವುದೇನೋ ನಿಜ, ಆದರೆ ಎಷ್ಟು ಹತ್ತಿರ, ಯಾವಾಗ ಅನ್ನುವುದನ್ನು ರೋಗಿಯ ಜೊತೆ ಕೂತೇ ತೀರ್ಮಾನಿಸುತ್ತಾರೆ.

1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಒಬ್ಬ ಪುಟ್ಟ ಹುಡುಗನ ಬಗ್ಗೆ ಬರೆದರು. ಬರಹದಲ್ಲಿ ಅವನ ಹೆಸರು ಪೀಟರ್. ಮೊಲ ಕಂಡರೆ ಅಳು. ಮೊದಲು ಮೊಲಕ್ಕೆ ಹೆದರದ ಮಕ್ಕಳ ಜೊತೆ ಆಡಲು ಬಿಟ್ಟರು. ಧೈರ್ಯ ಬರುತ್ತಿತ್ತು. ಅಷ್ಟರಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆ ಹಾರಿತು. ಹೋದ ಭಯ ವಾಪಸ್ ಬಂತು! ಆಮೇಲೆ ಜೋನ್ಸ್ ದಾರಿ ಬದಲಿಸಿದರು. ಅವನು ಇಷ್ಟದ ತಿಂಡಿ ತಿನ್ನುತ್ತಿದ್ದಾಗ ಪಂಜರದ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಮೊಲ ಬೆರಳನ್ನು ಮೆಲ್ಲಗೆ ಕಚ್ಚಿದರೂ ಹುಡುಗ ಸುಮ್ಮನಿದ್ದ.

ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಇದಕ್ಕೊಂದು ಪದ್ಧತಿ ಕೊಟ್ಟರು. ಮೊದಲು ಮೈ ಸಡಿಲ ಬಿಡಬೇಕು, ಆಮೇಲೆ ಸಣ್ಣ ಭಯದಿಂದ ದೊಡ್ಡದರವರೆಗೆ ಮನಸ್ಸಲ್ಲೇ ಕಲ್ಪಿಸಿಕೊಳ್ಳಬೇಕು. ಮೈ ಸಡಿಲ ಬಿಡುವುದು ಕಡ್ಡಾಯವಲ್ಲ ಎಂದು ಮುಂದೆ ಗೊತ್ತಾಯಿತು.

ನನಗೆ ದೊಡ್ಡ ತಿರುವು ಅನ್ನಿಸುವುದು 1966ರದು. ಗೀಳು ರೋಗ (ಒಸಿಡಿ, ಅಂದರೆ ಬೇಡವೆಂದರೂ ಅದೇ ಯೋಚನೆ ಕಾಡಿ ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ವಾಸಿಯಾಗುವುದೇ ಕಷ್ಟ ಅನ್ನುತ್ತಿದ್ದ ಕಾಲ. ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್, ತೊಳೆಯುವ ಗೀಳಿದ್ದ ಒಬ್ಬ ಮಹಿಳೆಯ ಕೋಣೆಯ ನಲ್ಲಿಯನ್ನೇ ಬಂದ್ ಮಾಡಿಸಿದರು. ಕೊಳೆ ಮುಟ್ಟಬೇಕು, ತೊಳೆಯುವ ಹಾಗಿಲ್ಲ. ಕೇಳಲು ಕ್ರೂರ ಅಲ್ವಾ? ಆದರೆ ತೊಳೆಯದಿದ್ದರೆ ಅನಾಹುತ ಆಗುತ್ತದೆ ಅನ್ನುವ ನಿರೀಕ್ಷೆ ಸುಳ್ಳಾಗುವುದು ಹಾಗೆಯೇ.

ಇದು ಏಕೆ ಫಲ ಕೊಡುತ್ತದೆ? ಭಯ ಏರಿ ತಾನಾಗಿ ಇಳಿಯಬೇಕು ಎಂದರು ಮನಶ್ಶಾಸ್ತ್ರಜ್ಞರಾದ ಎಡ್ನಾ ಫೋವಾ ಮತ್ತು ಮೈಕೆಲ್ ಕೋಜಾಕ್, 1986ರಲ್ಲಿ. ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಮಿಶೆಲ್ ಕ್ರಾಸ್ಕೆ ಆಮೇಲೆ ಬೇರೆ ಮಾತು ಹೇಳಿದರು. ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲೇ ಹೊಸ ಪಾಠವೊಂದು ಕೂರುತ್ತದೆ, ಅಷ್ಟೆ. ಪೀಟರ್‌ನ ಭಯ ನಾಯಿ ಕಂಡಾಗ ಮರಳಿದ್ದು ನನಗೆ ಈಗ ಅರ್ಥವಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೇ ಪ್ರತ್ಯೇಕ ಕ್ಲಿನಿಕ್ ಇದೆ. ನಮ್ಮಲ್ಲಿ ದಿನವಿಡೀ ಕೈ ತೊಳೆಯುವುದು ಎಷ್ಟೋ ಸಲ ಮಡಿಯ ಹೆಸರಲ್ಲಿ ಮುಚ್ಚಿಹೋಗುತ್ತದೆ. ಈಗಿನ ಚಿಕಿತ್ಸೆಯಲ್ಲಿ ನಲ್ಲಿ ಬಂದ್ ಮಾಡಬೇಕಾದವರು ರೋಗಿಯೇ. ಮನೆಯವರಿಗೂ ಪಾಲಿದೆ. "ಕೈ ಕ್ಲೀನ್ ಇದೆಯಾ?" ಎಂದು ರೋಗಿ ಹತ್ತನೇ ಸಲ ಕೇಳಿದಾಗ, ಪ್ರೀತಿಯಿಂದಲೇ, ಉತ್ತರ ಕೊಡದೆ ಇರುವುದು.