ಚಳಿಗಾಲದ ಹರಕೆ ಯಾರ ಬಾಗಿಲಿಗೆ?

2023ರ ಡಿಸೆಂಬರ್ 8, ಶುಕ್ರವಾರ. ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಒಂದು ಖಾಸಗಿ ಜೆಟ್ ಕೆನಡಾದ ಟೊರಾಂಟೊ ಕಡೆಗೆ ಹೊರಟಿತ್ತು. ಅದರಲ್ಲಿ ಜಪಾನಿನ ಶೋಹೆ ಒಟಾನಿ ಇದ್ದಾರೆ, ಟೊರಾಂಟೊದ ಬ್ಲೂ ಜೇಸ್ ಬೇಸ್‌ಬಾಲ್ ತಂಡಕ್ಕೆ ಸಹಿ ಹಾಕಲು ಬರುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಸಾವಿರಾರು ಜನ ಕೆಲಸ ಬಿಟ್ಟು ಫೋನಿನಲ್ಲಿ ವಿಮಾನದ ಜಾಡು ತೋರಿಸುವ ಆ್ಯಪ್ ತೆರೆದು ಕೂತರು. ಒಟಾನಿ ಎಂದರೆ ಚೆಂಡೆಸೆಯುವುದರಲ್ಲೂ ಬ್ಯಾಟ್ ಬೀಸುವುದರಲ್ಲೂ ಮೊದಲ ಸಾಲಿನವರು; ನೂರು ವರ್ಷದ ಹಿಂದಿನ ಬೇಬ್ ರೂತ್ ಬಿಟ್ಟರೆ ಹೋಲಿಸಲು ಇನ್ನೊಂದು ಹೆಸರು ಸಿಗುವುದಿಲ್ಲ. ಬ್ಲೂ ಜೇಸ್ ಕೊನೆಯ ಸಲ ಚಾಂಪಿಯನ್ ಆಗಿದ್ದು 1993ರಲ್ಲಿ. ನಕಾಶೆಯ ಮೇಲೆ ತೆವಳುತ್ತಿದ್ದ ಆ ಪುಟ್ಟ ವಿಮಾನದಲ್ಲಿ ಮೂವತ್ತು ವರ್ಷದ ಆಸೆ ಕೂತಿತ್ತು.

ವಿಮಾನ ಇಳಿಯಿತು. ಬಾಗಿಲು ತೆರೆದಾಗ ಹೊರಬಂದವರು ಕೆನಡಾದ ಉದ್ಯಮಿ, ಟಿವಿ ಷೋಗಳಲ್ಲಿ ಕಾಣಿಸಿಕೊಳ್ಳುವ ರಾಬರ್ಟ್ ಹರ್ಜಾವೆಕ್! ಮರುದಿನ ಒಟಾನಿ ಇನ್‌ಸ್ಟಾಗ್ರಾಂನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಲಾಂಛನ ಹಾಕಿದರು.

ಪಂದ್ಯವೇ ಇಲ್ಲದ ದಿನ, ಯಾರದೋ ವಿಮಾನವನ್ನು ಹೀಗೆ ಎವೆಯಿಕ್ಕದೆ ನೋಡುವ ಈ ಅಭ್ಯಾಸ ಎಲ್ಲಿಂದ ಬಂತು? ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡವೂ 162 ಪಂದ್ಯ ಆಡುತ್ತದೆ. ಹೆಚ್ಚುಕಡಿಮೆ ದಿನಾ ಸಂಜೆ ಆಟ, ಮನೆಯಲ್ಲಿ ಧಾರಾವಾಹಿ ಇದ್ದ ಹಾಗೆ. ಅಕ್ಟೋಬರ್ ಕಳೆದು ವರ್ಲ್ಡ್ ಸೀರೀಸ್ ಎಂಬ ಫೈನಲ್ ಸರಣಿ ಮುಗಿಯಿತು ಎಂದರೆ ಒಮ್ಮೆಗೇ ಸದ್ದಡಗುತ್ತದೆ. ಫೆಬ್ರುವರಿ ನಡುವಿಗೆ ಫ್ಲಾರಿಡಾ, ಅರಿಜೋನಾಗಳಲ್ಲಿ ತಾಲೀಮು ಶುರುವಾಗುವ ತನಕ ಮೂರೂವರೆ ತಿಂಗಳು ಏನೂ ಇಲ್ಲ. ಆ ಖಾಲಿ ತಿಂಗಳುಗಳನ್ನು ಅಭಿಮಾನಿಗಳು ಹಾರೈಕೆಗಳಿಂದ ತುಂಬಿಕೊಂಡರು. ನಮಗೊಬ್ಬ ಎಡಗೈ ಪಿಚರ್ (ಚೆಂಡೆಸೆಯುವವ) ಬೇಕು, ಆ ಮುದುಕನನ್ನು ಸಾಗಹಾಕಿ, ಮ್ಯಾನೇಜರನ್ನು ಬದಲಾಯಿಸಿ. ಇದಕ್ಕೆ ಅಲ್ಲಿ ‘ಹಾಟ್ ಸ್ಟೋವ್ ಲೀಗ್’ ಎಂದು ಹೆಸರು. ಹೊರಗೆ ಹಿಮ ಬೀಳುತ್ತಿದ್ದರೆ ಊರಿನ ದಿನಸಿ ಅಂಗಡಿಯ ನಡುವಿನ ಕಬ್ಬಿಣದ ಒಲೆಯ ಸುತ್ತ ಕೂತು ಮುಂದಿನ ವರ್ಷದ ತಂಡ ಕಟ್ಟುತ್ತಿದ್ದ ಹರಟೆಯ ಗುಂಪಿಗೆ ಇಟ್ಟ ಹೆಸರು ಅದು. ನಮ್ಮ ಅರಳಿಕಟ್ಟೆಯೇ, ಒಲೆಯೊಂದು ಹೆಚ್ಚು.

ಒಲೆಯ ಮುಂದೆ ಕೂತವರು ಎಷ್ಟೇ ಕೊಸರಾಡಿದರೂ ಅವರ ಆಸೆಗೊಂದು ಎಲ್ಲೆ ಇತ್ತು. 1879ರಲ್ಲಿ, ಇಂದಿನ ಮೇಜರ್ ಲೀಗಿನ ಭಾಗವಾದ ನ್ಯಾಷನಲ್ ಲೀಗಿನ ತಂಡಗಳ ಮಾಲೀಕರು ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡರು: ಪ್ರತಿ ತಂಡ ಐವರು ಆಟಗಾರರನ್ನು ‘ಕಾಯ್ದಿರಿಸಿ’ಕೊಳ್ಳಬಹುದು, ಅವರಿಗೆ ಬೇರೆ ಯಾರೂ ಕೈಹಾಕುವಂತಿಲ್ಲ. ಐವರಿದ್ದದ್ದು ಬರಬರುತ್ತ ಇಡೀ ತಂಡವಾಯಿತು. ಒಪ್ಪಂದದ ವರ್ಷ ಮುಗಿದರೂ ಆಟಗಾರ ಅದೇ ಮಾಲೀಕನ ಸೊತ್ತು. ಮಾರಿದರೆ ಹೋಗಬೇಕು, ಮಾರದಿದ್ದರೆ ಇರಬೇಕು. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೇಸ್‌ಬಾಲ್‌ಗೆ ಏಕಸ್ವಾಮ್ಯ ತಡೆ ಕಾಯ್ದೆಯಿಂದ ವಿನಾಯಿತಿ ಕೊಟ್ಟ ಮೇಲೆ ಬೀಗ ಇನ್ನಷ್ಟು ಬಿಗಿಯಾಯಿತು. ಹಾಗಾಗಿ ಆ ಕಾಲದ ಅಭಿಮಾನಿ ಬೇಡಬಹುದಾಗಿದ್ದದ್ದು ಎರಡೇ: ಒಳ್ಳೆಯ ವಿನಿಮಯ, ಇಲ್ಲವೇ ಹಳ್ಳಿಮೂಲೆಯಿಂದ ಎದ್ದುಬರುವ ಹೊಸ ಹುಡುಗ. ಮಾಲೀಕನ ಮನಸ್ಸು ದೈವೇಚ್ಛೆಯ ಹಾಗೆ. 1920ರ ಜನವರಿಯಲ್ಲಿ ಬಾಸ್ಟನ್ ಜನ ಎದ್ದಾಗ ಅವರ ತಂಡದ ಬೇಬ್ ರೂತ್ ನ್ಯೂಯಾರ್ಕಿನ ಯಾಂಕೀಸ್ ಪಾಲಾಗಿದ್ದರು, ಬೆಲೆ ಒಂದು ಲಕ್ಷ ಡಾಲರ್. ನಾಟಕಗಳಿಗೆ ಹಣ ಹೂಡುತ್ತಿದ್ದ ಮಾಲೀಕ ಹ್ಯಾರಿ ಫ್ರೇಜಿಗೆ ಕೈಗೆ ಕಾಸು ಬೇಕಿತ್ತು. 1918ರಲ್ಲಿ ಗೆದ್ದಿದ್ದ ಬಾಸ್ಟನ್ ಮತ್ತೆ ಗೆದ್ದದ್ದು 2004ರಲ್ಲಿ. ಜನ ಅದನ್ನು ಶಾಪವೆಂದರು. ನನ್ನ ಕೇಳಿದರೆ ಬ್ಯಾಂಕಿನ ರಶೀದಿ ಕೈಯಲ್ಲಿದ್ದಾಗ ಶಾಪದ ಮಾತೇಕೆ!

ಬ್ರೂಕ್ಲಿನ್ ಜನ ಹೀಗೆ ದೈವಕ್ಕೆ ಬಿಟ್ಟ ಆಸೆಗೆ ಒಂದು ಘೋಷಣೆಯನ್ನೇ ಕೊಟ್ಟರು. ಅವರ ಡಾಡ್ಜರ್ಸ್ (ಆಗ ಅದು ನ್ಯೂಯಾರ್ಕಿನ ತಂಡ) 1941, 1947, 1949, 1952, 1953 ಹೀಗೆ ಐದು ಸಲ ವರ್ಲ್ಡ್ ಸೀರೀಸ್ ತಲುಪಿ ಐದೂ ಸಲ ಅದೇ ಊರಿನ ಇನ್ನೊಂದು ಬಡಾವಣೆಯ ಯಾಂಕೀಸ್ ಮುಂದೆಯೇ ಸೋತಿತು. ಪ್ರತಿ ಸೋಲಿನ ಮರುದಿನ ಒಂದೇ ಮಾತು: ‘ತಾಳಿ, ಮುಂದಿನ ವರ್ಷ ಬರಲಿ.’ ಬೆಂಗಳೂರಿನವರಿಗೆ ಈ ಸಾಲನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮುಂದಿನ ವರ್ಷ 1955ರ ಅಕ್ಟೋಬರ್ 4ರಂದು ಬಂದೇಬಿಟ್ಟಿತು. ಜಾನಿ ಪೋಡ್ರೆಸ್ ಎಂಬ 23ರ ಹುಡುಗ ಯಾಂಕೀಸ್‌ಗೆ ಒಂದು ರನ್ನನ್ನೂ ಕೊಡಲಿಲ್ಲ. ಮರುವರ್ಷದ ಡಿಸೆಂಬರಿನಲ್ಲಿ ಮಾಲೀಕರು, ವರ್ಣಭೇದದ ಗೋಡೆ ಒಡೆದಿದ್ದ ಜಾಕಿ ರಾಬಿನ್ಸನ್ ಅವರನ್ನೇ ಬದ್ಧವೈರಿ ಜಯಂಟ್ಸ್‌ಗೆ ಸಾಗಹಾಕಲು ಹೊರಟರು. ರಾಬಿನ್ಸನ್ ಹೋಗದೆ ನಿವೃತ್ತರಾದರು. 1957ರ ಆಟ ಮುಗಿದ ಮೇಲೆ ತಂಡವೇ ಗಂಟುಮೂಟೆ ಕಟ್ಟಿ ಲಾಸ್ ಏಂಜಲೀಸಿಗೆ ಹೋಯಿತು. ಬ್ರೂಕ್ಲಿನ್‌ಗೆ ಕಾಯಲು ಮುಂದಿನ ವರ್ಷವೂ ಉಳಿಯಲಿಲ್ಲ.

ಬೀಗಕ್ಕೆ ಮೊದಲ ಪೆಟ್ಟು ಬಿದ್ದದ್ದೂ ಚಳಿಗಾಲದಲ್ಲೇ. ಸೇಂಟ್ ಲೂಯಿಸ್‌ನಲ್ಲಿ 12 ವರ್ಷ ಆಡಿದ್ದ ಕರ್ಟ್ ಫ್ಲಡ್ ಅವರನ್ನು 1969ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾಕ್ಕೆ ಕೊಟ್ಟರು. ಕೇಳಿದವರಿಲ್ಲ, ಹೇಳಿದವರಿಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಅವರು ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಬೋವಿ ಕುನ್‌ಗೆ ಪತ್ರ ಬರೆದರು: ನನ್ನ ಇಷ್ಟಾನಿಷ್ಟ ಕೇಳದೆ ಕೊಂಡು ಮಾರಲು ನಾನು ಸೊತ್ತಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1972ರಲ್ಲಿ 5–3ರಿಂದ ಬಿದ್ದುಹೋಯಿತು.

ಎರಡೇ ವರ್ಷಕ್ಕೆ ಓಕ್ಲೆಂಡಿನ ಪಿಚರ್ ಜಿಮ್ ಹಂಟರ್ ಪ್ರಕರಣ ಬಂತು. ಮಾಲೀಕ ಚಾರ್ಲಿ ಫಿನ್ಲಿ ಪ್ರಚಾರಕ್ಕೆಂದು ‘ಕ್ಯಾಟ್‌ಫಿಶ್’ ಎಂದು ಅಡ್ಡಹೆಸರು ಇಟ್ಟಿದ್ದು ಇವರಿಗೇ. ಹೆಸರು ಕೊಟ್ಟವರು ವಿಮೆ ಯೋಜನೆಗೆ ಕಟ್ಟಬೇಕಿದ್ದ ಹಣ ಮಾತ್ರ ಕಟ್ಟಲಿಲ್ಲ. ಒಪ್ಪಂದ ಮುರಿದಿದ್ದೀರಿ, ಆಟಗಾರ ಸ್ವತಂತ್ರ ಎಂದರು ಪಂಚಾಯ್ತಿದಾರ ಪೀಟರ್ ಸೈಟ್ಜ್. ನಾರ್ತ್ ಕ್ಯಾರೊಲಿನಾದ ಅಹೋಸ್ಕಿ ಎಂಬ ಪುಟ್ಟ ಊರಿನ ವಕೀಲರ ಕಚೇರಿಗೆ ತಂಡಗಳ ದೊಡ್ಡ ದೊಡ್ಡ ಮನುಷ್ಯರು ಒಬ್ಬರಾದ ಮೇಲೊಬ್ಬರು ಬಂದಿಳಿದರು. ವರ್ಷಕ್ಕೆ ಒಂದು ಲಕ್ಷ ಡಾಲರ್ ಪಡೆಯುತ್ತಿದ್ದ ಹಂಟರ್, 1974ರ ಕೊನೆಯ ದಿನ ಐದು ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಡಾಲರ್‌ಗೆ ಯಾಂಕೀಸ್ ಸೇರಿದರು. ಮುಕ್ತ ಮಾರುಕಟ್ಟೆಯಲ್ಲಿ ಒಬ್ಬ ಪಿಚರ್‌ನ ತೂಕವೆಷ್ಟು ಎಂದು ಎಲ್ಲರಿಗೂ ಗೊತ್ತಾಗಿಹೋಯಿತು. ಮರುವರ್ಷ ಡಿಸೆಂಬರ್ 23ಕ್ಕೆ ಅದೇ ಸೈಟ್ಜ್, ಆ್ಯಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಪ್ರಕರಣದಲ್ಲಿ, ಕಾಯ್ದಿರಿಸುವ ಷರತ್ತು ಒಂದು ವರ್ಷಕ್ಕಷ್ಟೇ ಸಲ್ಲುತ್ತದೆ ಎಂದು ತೀರ್ಪಿತ್ತರು. ಮಾಲೀಕರು ಕೂಡಲೇ ಅವರನ್ನು ಕೆಲಸದಿಂದ ತೆಗೆದರು. ತೀರ್ಪನ್ನು ತೆಗೆಯಲಾಗಲಿಲ್ಲ. ಆರು ವರ್ಷ ಆಡಿದವರು ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬ ಈಗಿನ ನಿಯಮ 1976ರ ಒಪ್ಪಂದದ್ದು.

ಹರಕೆ ವಿಳಾಸ ಬದಲಿಸಿದ್ದು ಇಲ್ಲಿಯೇ. ಅದುವರೆಗೆ ‘ಸಿಗಲಿ’ ಎನ್ನುತ್ತಿದ್ದ ಅಭಿಮಾನಿ ಈಗ ‘ಕೊಳ್ಳಿ’ ಎನ್ನತೊಡಗಿದ. ಆಟಗಾರ ಮಾರುಕಟ್ಟೆಯಲ್ಲಿದ್ದಾನೆ, ಬೆಲೆ ಪೇಪರಿನಲ್ಲಿದೆ, ಇನ್ನು ಬಿಚ್ಚಬೇಕಾದದ್ದು ಮಾಲೀಕನ ಗಂಟು. ಯಾಂಕೀಸ್ 1976ರ ನವೆಂಬರಿನಲ್ಲಿ ರೆಜ್ಜಿ ಜಾಕ್ಸನ್ ಅವರನ್ನು ಕೊಂಡು, 1977 ಮತ್ತು 1978 ಎರಡೂ ವರ್ಷ ಗೆದ್ದು ತೋರಿಸಿತು. ಉಳಿದ ಊರುಗಳ ಜನ ಸುಮ್ಮನಿದ್ದಾರೆಯೇ?

ಮಾಲೀಕರು ಇದಕ್ಕೆ ಕಂಡುಕೊಂಡ ಮದ್ದು 1985ರಿಂದ 1987ರವರೆಗೆ ಮೂರು ಚಳಿಗಾಲ ಕೆಲಸ ಮಾಡಿತು. ಯಾರೂ ಯಾರ ಆಟಗಾರನಿಗೂ ಬೆಲೆ ಕೂಗುವುದಿಲ್ಲ ಎಂದು ತಮ್ಮಲ್ಲೇ ಮಾತಾಡಿಕೊಂಡರು. ಆ್ಯಂಡ್ರೆ ಡಾಸನ್ ಅವರಂಥ ದೊಡ್ಡ ಬ್ಯಾಟರ್‌ಗೂ ಕೊಳ್ಳುವವರಿಲ್ಲ. 1987ರ ವಸಂತದಲ್ಲಿ ಡಾಸನ್ ಅರಿಜೋನಾದಲ್ಲಿದ್ದ ಶಿಕಾಗೊ ಕಬ್ಸ್ ಶಿಬಿರಕ್ಕೆ ಹೋಗಿ ಖಾಲಿ ಒಪ್ಪಂದ ಪತ್ರ ಮುಂದಿಟ್ಟರು. ಮೊತ್ತ ನೀವೇ ಬರೆದುಕೊಳ್ಳಿ. ಅವರು ಬರೆದದ್ದು ಐದು ಲಕ್ಷ ಡಾಲರ್. ಡಾಸನ್ ಆ ವರ್ಷ 49 ಹೋಂ ರನ್ (ನಮ್ಮ ಸಿಕ್ಸರಿನಂಥ ಹೊಡೆತ) ಹೊಡೆದು ಲೀಗಿನ ಶ್ರೇಷ್ಠ ಆಟಗಾರರಾದರು, ತಂಡ ತನ್ನ ವಿಭಾಗದ ಕೊನೆಯಲ್ಲೇ ಉಳಿಯಿತು. ಒಳಸಂಚು ಸಾಬೀತಾಗಿ 1990ರಲ್ಲಿ ಮಾಲೀಕರು 28 ಕೋಟಿ ಡಾಲರ್ ತೆತ್ತರು. ದುಡ್ಡು ಆಟಗಾರರಿಗೆ ಹೋಯಿತು, ನ್ಯಾಯವೇ. ಆ ಮೂರು ಚಳಿಗಾಲ ‘ಯಾರೂ ಸಿಗುತ್ತಿಲ್ಲ’ ಎಂಬ ಮಾತು ನಂಬಿ ಟಿಕೆಟ್ ಕೊಂಡವರ ಲೆಕ್ಕ ಯಾರೂ ಕೇಳಲಿಲ್ಲ.

ಇಲ್ಲೊಂದು ವಿಷಯ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕು. ಐಪಿಎಲ್ ಹರಾಜಿನಲ್ಲಿ ಎಲ್ಲ ತಂಡಕ್ಕೂ ಖರ್ಚಿನ ಮಿತಿ ಒಂದೇ. 2025ರ ದೊಡ್ಡ ಹರಾಜಿಗೆ ತಲಾ 120 ಕೋಟಿ ರೂಪಾಯಿ ಇತ್ತು. ಬೇಸ್‌ಬಾಲಿನಲ್ಲಿ ಅಂಥ ಮಿತಿ ಇಲ್ಲ. ಒಂದು ಗೆರೆ ದಾಟಿದರೆ ದಂಡದ ತೆರಿಗೆ ಕಟ್ಟಬೇಕು, ಅಷ್ಟೇ. ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕು ಎಂಬ ನಿಯಮವೂ ಇಲ್ಲ. ದೊಡ್ಡ ಊರಿನ ಟಿವಿ ಹಕ್ಕಿನ ಹಣ ದೊಡ್ಡ ತಂಡಕ್ಕೆ. ಚಿಕ್ಕ ಊರಿಗೆ ಅದರಲ್ಲೊಂದು ಪಾಲು ಹಂಚುತ್ತಾರೆ. ಹಂಚಿಕೆಯ ಆ ಪಾಲು ಆಟಗಾರರಿಗೆ ಹೋಗುತ್ತದೋ ಮಾಲೀಕರ ಜೇಬಿಗೋ? ಈಚಿನ ವರ್ಷಗಳ ಚಳಿಗಾಲದ ಜಗಳವೆಲ್ಲ ಇದೇ.

ಪಿಟ್ಸ್‌ಬರ್ಗ್ ಪೈರೇಟ್ಸ್ ಅದಕ್ಕೆ ತಕ್ಕ ಉದಾಹರಣೆ. 1992ರ ಅಕ್ಟೋಬರ್ 14ರ ರಾತ್ರಿ ಅಟ್ಲಾಂಟಾದಲ್ಲಿ ಅವರು ವರ್ಲ್ಡ್ ಸೀರೀಸ್‌ಗೆ ಒಂದು ವಿಕೆಟ್ ದೂರ ಎನ್ನುವಂತಿದ್ದರು. ಎದುರಾಳಿಯ ಫ್ರಾನ್ಸಿಸ್ಕೊ ಕಾಬ್ರೆರಾ ಹೊಡೆದ ಚೆಂಡನ್ನು ಎಡ ಮೂಲೆಯಿಂದ ಬ್ಯಾರಿ ಬಾಂಡ್ಸ್ ಎಸೆದರು. ಮೊಣಕಾಲು ನೋವಿನ, ಓಟದಲ್ಲಿ ನಿಧಾನಿ ಸಿಡ್ ಬ್ರೀಮ್ ಜಾರಿಬಂದು ಕೂದಲೆಳೆಯಲ್ಲಿ ಗುರಿ ಮುಟ್ಟಿದರು, ಅಟ್ಲಾಂಟಾ ಗೆದ್ದಿತು. ಬ್ರೀಮ್ ಎರಡು ವರ್ಷ ಹಿಂದೆ ಪಿಟ್ಸ್‌ಬರ್ಗಿನಲ್ಲೇ ಇದ್ದವರು ಎಂಬುದು ಗಾಯದ ಮೇಲಿನ ಉಪ್ಪು. ಡಿಸೆಂಬರಿನಲ್ಲಿ ಬಾಂಡ್ಸ್ ಆರು ವರ್ಷಕ್ಕೆ 4.375 ಕೋಟಿ ಡಾಲರ್‌ಗೆ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟರು. ಅಲ್ಲಿಂದ 2012ರವರೆಗೆ ಸತತ 20 ವರ್ಷ ಪೈರೇಟ್ಸ್ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ನಡುವೆ 2001ರಲ್ಲಿ ಬಹುಪಾಲು ಸಾರ್ವಜನಿಕ ಹಣದಿಂದ ನದಿದಂಡೆಯಲ್ಲಿ ಚೆಂದದ ಮೈದಾನ ಎದ್ದಿತು. ಹೊಸ ಮೈದಾನ ಬಂದರೆ ಆದಾಯ, ಆದಾಯ ಬಂದರೆ ಆಟಗಾರರು ಎಂಬುದು ಜನರಿಗೆ ಕೊಟ್ಟಿದ್ದ ಭರವಸೆ. 2010ರಲ್ಲಿ ತಂಡದ ಲೆಕ್ಕಪತ್ರ ಸೋರಿಕೆಯಾಯಿತು: ಸೋಲುತ್ತಲೇ ಇದ್ದ 2007, 2008ರ ಎರಡು ವರ್ಷದಲ್ಲಿ ಸುಮಾರು 2.9 ಕೋಟಿ ಡಾಲರ್ ಲಾಭ! 2008ರ ನವೆಂಬರಿನಲ್ಲಿ ಇದೇ ತಂಡ ಉತ್ತರಪ್ರದೇಶದ ಇಬ್ಬರು ಜಾವೆಲಿನ್ ಹುಡುಗರಿಗೆ, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರಿಗೆ, ಸಹಿ ಹಾಕಿಸಿಕೊಂಡಿತ್ತು. ವೇಗವಾಗಿ ಎಸೆಯುವವರನ್ನು ಹುಡುಕುವ ಟಿವಿ ಸ್ಪರ್ಧೆಯಿಂದ ಬಂದವರು ಅವರು. ನಮ್ಮ ಪತ್ರಿಕೆಗಳಿಗೆ ಅದು ಹೆಮ್ಮೆಯ ಸುದ್ದಿ. ಮಾರುಕಟ್ಟೆಯಲ್ಲಿ ಹೆಸರಾಂತ ಬ್ಯಾಟರ್‌ಗಾಗಿ ಕಾಯುತ್ತಿದ್ದ ಪಿಟ್ಸ್‌ಬರ್ಗಿನ ಅಭಿಮಾನಿಗೆ ಹೇಗನ್ನಿಸಿರಬಹುದು ಎಂದು ಈಗ ಯೋಚಿಸಿದರೆ ನಗು ಬರುತ್ತದೆ. ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ.

2013ರಿಂದ ಮೂರು ವರ್ಷ ತಂಡ ಚಿಗುರಿತು. 2018ರ ಜನವರಿಯಲ್ಲಿ ಎರಡೇ ದಿನದ ಅಂತರದಲ್ಲಿ ಗೆರಿಟ್ ಕೋಲ್ ಹ್ಯೂಸ್ಟನ್‌ಗೆ, ಊರಿನ ಕಣ್ಮಣಿ ಆ್ಯಂಡ್ರೂ ಮೆಕಚನ್ ಸ್ಯಾನ್‌ಫ್ರಾನ್ಸಿಸ್ಕೊಗೆ. ಹತ್ತಾರು ಸಾವಿರ ಜನ ಆನ್‌ಲೈನ್ ಅರ್ಜಿಗೆ ಸಹಿ ಹಾಕಿದರು. ಅರ್ಜಿಯಲ್ಲಿ ಯಾವ ಪಿಚರನ್ನೂ ಕೇಳಿರಲಿಲ್ಲ. ಮಾಲೀಕ ಬಾಬ್ ನಟ್ಟಿಂಗ್ ತಂಡ ಮಾರಿ ಹೋಗಲಿ, ಅಷ್ಟೇ. 2025ರ ಏಪ್ರಿಲ್‌ನಲ್ಲಿ ತವರಿನ ಮೊದಲ ಪಂದ್ಯದ ದಿನ ಇದೇ ಮಾತನ್ನು ಬ್ಯಾನರಿಗೆ ಕಟ್ಟಿ ಮೈದಾನದ ಮೇಲೆ ವಿಮಾನ ಹಾರಿಸಿದರು. ಆ ವರ್ಷ ಪಾಲ್ ಸ್ಕೀನ್ಸ್ ಒಂಬತ್ತು ಇನಿಂಗ್ಸಿಗೆ (ಅಂದರೆ ಒಂದು ಪೂರ್ತಿ ಪಂದ್ಯಕ್ಕೆ) ಸರಾಸರಿ ಎರಡು ರನ್ ಕೂಡ ಬಿಟ್ಟುಕೊಡದೆ, ಲೀಗಿನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ಅವರ ಗೆಲುವು 10, ಸೋಲೂ 10. ತಂಡದ ಬ್ಯಾಟು ಎಷ್ಟು ಮಲಗಿತ್ತು ಎನ್ನುವುದಕ್ಕೆ ಬೇರೆ ಅಂಕಿ ಬೇಡ.

ಓಕ್ಲೆಂಡಿನದು ಇನ್ನೂ ಕಹಿ. ಕನ್ನಡದ ಕುಟುಂಬಗಳು ಸಾಕಷ್ಟಿರುವ ಫ್ರೀಮಾಂಟಿಗೆ ಒಮ್ಮೆ ಬರಬೇಕಿದ್ದ ತಂಡ ಅದು. 2006ರಲ್ಲಿ ಸಾರಿದ ಆ ಯೋಜನೆಯನ್ನು 2009ರಲ್ಲಿ ಕೈಬಿಟ್ಟರು. 2023ರ ಜೂನ್ 13ರಂದು 27,759 ಜನ ಮೈದಾನಕ್ಕೆ ಬಂದರು, ಸಾವಿರಾರು ಜನರ ಮೈಮೇಲೆ ‘ತಂಡ ಮಾರಿ’ ಎಂಬರ್ಥದ ಹಸಿರು ಅಂಗಿ. ಮಾಲೀಕರು ಮಾರಲಿಲ್ಲ, ಊರು ಬಿಟ್ಟರು. ಲಾಸ್ ವೇಗಸ್‌ಗೆ ಹೋಗುವ ದಾರಿಯಲ್ಲಿ ತಂಡ 2025ರಿಂದ ಸ್ಯಾಕ್ರಮೆಂಟೊದಲ್ಲಿ, ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಅವರ ಕೈಯಲ್ಲಿರುವ ಚಿಕ್ಕ ಮೈದಾನದಲ್ಲಿ ಬಿಡಾರ ಹೂಡಿದೆ.

ಹಾಗಾದರೆ ದುಡ್ಡು ಸುರಿದರೆ ಸಾಕೇ? ನ್ಯೂಯಾರ್ಕ್ ಮೆಟ್ಸ್ ಅಭಿಮಾನಿಗಳಿಗೆ 2024ರ ಡಿಸೆಂಬರಿನಲ್ಲಿ ಬೇಡಿದ್ದೆಲ್ಲ ಸಿಕ್ಕಿತು: 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟು ಹ್ವಾನ್ ಸೋಟೊ ಅವರನ್ನು ತಂದರು. ಸೋಟೊ ಚೆನ್ನಾಗಿಯೇ ಆಡಿದರು. ತಂಡ ಪ್ಲೇಆಫ್‌ಗೂ ಬರಲಿಲ್ಲ. ಒಟಾನಿಯ ಒಪ್ಪಂದದ 70 ಕೋಟಿ ಡಾಲರ್‌ನಲ್ಲಿ 68 ಕೋಟಿಯನ್ನು ಡಾಡ್ಜರ್ಸ್ ಕೊಡುವುದು 2034ರಿಂದ. ಅವರಿಗೆ ಮಾತ್ರ ಎರಡೇ ವರ್ಷದಲ್ಲಿ ಎರಡು ಕಪ್ ಬಂತು. 2025ರದ್ದು ಗೆದ್ದದ್ದು ಟೊರಾಂಟೊ ವಿರುದ್ಧವೇ. ಮೊದಲ ಪಂದ್ಯದ ರಾತ್ರಿ ಬ್ಲೂ ಜೇಸ್ 11–4ರಿಂದ ಗೆಲ್ಲುತ್ತಿದ್ದಾಗ, ಅಂದು ವಿಮಾನ ಕಾದಿದ್ದ ಅದೇ ಊರಿನ ಜನ ಒಟಾನಿ ಬ್ಯಾಟ್ ಹಿಡಿದು ಬಂದಾಗ ‘ನೀನು ನಮಗೆ ಬೇಕಿಲ್ಲ’ ಎಂದು ಒಕ್ಕೊರಲಲ್ಲಿ ಕೂಗಿದರು. ಏಳನೆಯ ಪಂದ್ಯ 11ನೇ ಇನಿಂಗ್ಸ್‌ವರೆಗೆ ಹೋಗಿ 5–4ಕ್ಕೆ ಕೈತಪ್ಪಿತು.

ಖರ್ಚಿಗೆ ಮಿತಿ ಬೇಕೆಂಬ ಕೂಗು ಅದರ ಮರುದಿನದಿಂದಲೇ ಜೋರಾಯಿತು. ಆಟಗಾರರ ಸಂಘ ಅದನ್ನು ದಶಕಗಳಿಂದ ತಡೆಯುತ್ತ ಬಂದಿದೆ; 1994ರ ಮುಷ್ಕರಕ್ಕೂ ಅದೇ ಕಾರಣ, ಆ ವರ್ಷ ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. ಸಂಘಕ್ಕೂ ಮಾಲೀಕರಿಗೂ ನಡುವಿನ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹಿಂದಿನದು ಮುಗಿದಾಗ, 2021ರ ಡಿಸೆಂಬರ್ 2ರಂದು, ಮಾಲೀಕರು 99 ದಿನ ಬಾಗಿಲು ಹಾಕಿದ್ದರು. ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಲೀಗಿನ ವೆಬ್‌ಸೈಟ್‌ನಲ್ಲಿ ಆಟಗಾರರ ಫೋಟೊಗಳನ್ನೂ ತೆಗೆದುಹಾಕಿದ್ದರು. ಮುಂದಿನ ವರ್ಷದ ತಂಡ ಹೇಗಿರಲಿ ಎಂದು ಕನಸು ಕಾಣಲು ಬಂದವರಿಗೆ ಅಲ್ಲಿ ಕಂಡದ್ದು ಸಾಲಾಗಿ ಜೋಡಿಸಿದ, ಟೋಪಿ ಹಾಕಿದ, ಕಣ್ಣುಮೂಗಿಲ್ಲದ ಬೂದು ತಲೆಗಳು.