ಕಾವೇರಿಯ ಗೂನು ಮಹಶೀರ್‌ಗೆ ಹೆಸರು ಸಿಗಲು 145 ವರ್ಷ

1946ರಲ್ಲಿ ಕಬಿನಿ ಹೊಳೆಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಬಿತ್ತು. ಬೇಟೆಯಾದ ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವ ಬಂದಂತೆ ನಿಲ್ಲಿಸುವುದರಲ್ಲಿ ಹೆಸರು ಮಾಡಿದ್ದ ಮನೆತನ ಅದು. ಆ ಮೀನು ಗಾಳದವರ ಲೋಕದಲ್ಲಿ ದಾಖಲೆಯಾಗಿ ಉಳಿಯಿತು. ಆದರೆ ಅದು ಯಾವ ಜಾತಿಯದು ಎಂದು ಕೇಳಿದ್ದರೆ ವಿಜ್ಞಾನಿಗಳ ಬಳಿ ಸರಿಯಾದ ಉತ್ತರ ಇರಲಿಲ್ಲ.

ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲಿ ಗಾಳದ ಬಗ್ಗೆ ಪುಸ್ತಕ ಬರೆದಾಗಿನಿಂದ ಈ ಮೀನು ಹೊರಜಗತ್ತಿಗೆ ಗೊತ್ತು. ತಲೆಯ ಹಿಂದೆಯೇ ಏಳುವ ಗೂನು, ಕಿತ್ತಳೆ ಬಣ್ಣದ ಈಜುರೆಕ್ಕೆ. ಒಮ್ಮೆ ಕಂಡವರು ಮರೆಯುವಂಥದ್ದಲ್ಲ. ಹಾಗಿದ್ದೂ ಹೆಸರಿನ ಗೊಂದಲ ಬಗೆಹರಿಯಲಿಲ್ಲ. 1940ರ ದಶಕದಲ್ಲಿ ಮೀನುತಜ್ಞ ಸುಂದರ್ ಲಾಲ್ ಹೋರ ಇದನ್ನು ‘ಮುಸುಲ್ಲಾ’ ಎಂದು ಗುರುತಿಸಿದರು. ಆ ಹೆಸರನ್ನು 1839ರಲ್ಲಿ ಕರ್ನಲ್ ಸೈಕ್ಸ್ ಇಟ್ಟಿದ್ದು ದಖ್ಖನ್ನಿನ ಭೀಮಾ ಸೀಮೆಯ ಮೀನೊಂದಕ್ಕೆ. ಅದು ಮಹಶೀರ್ ಕುಲದ್ದೇ ಅಲ್ಲ ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದದ್ದು ತೀರಾ ಇತ್ತೀಚೆಗೆ.

ಮೀನಿನ ಜಾತಿ ಗುರುತಿಸುವ ಹಳೆಯ ದಾರಿ ತಾಳ್ಮೆಯದು. ಪಕ್ಕೆಯುದ್ದಕ್ಕೂ ಹೊಲಿಗೆ ಹಾಕಿದಂತೆ ಕಾಣುವ ಪಾರ್ಶ್ವರೇಖೆಯ ಹುರುಪೆಗಳನ್ನು ಸೂಜಿಮೊನೆ ಇಟ್ಟು ಒಂದೊಂದಾಗಿ ಎಣಿಸಬೇಕು. ರೆಕ್ಕೆಯ ಕಡ್ಡಿಗಳು, ಮೀಸೆ, ತುಟಿ, ಬಾಯಿ ತೆರೆಯುವ ದಿಕ್ಕು, ಗಂಟಲೊಳಗಿನ ಹಲ್ಲಿನ ಸಾಲು ಎಲ್ಲವನ್ನೂ ನೋಡಿ, ಕ್ಯಾಲಿಪರ್ ಹಿಡಿದು ಅಳೆಯಬೇಕು. ಮಹಶೀರ್ ವಿಷಯದಲ್ಲಿ ಈ ದಾರಿ ಆಗಾಗ ಕೈಕೊಡುತ್ತದೆ. ಒಂದೇ ಹೊಳೆಯ ಎರಡು ಮೀನುಗಳಲ್ಲಿ ಒಂದಕ್ಕೆ ದಪ್ಪ ತುಟಿ, ಇನ್ನೊಂದಕ್ಕೆ ತೆಳು ತುಟಿ ಇರಬಹುದು. ಮರಿಯ ಆಕಾರವೇ ಬೇರೆ, ಮುದಿಮೀನಿನದೇ ಬೇರೆ. ಐವತ್ತು ಕಿಲೋ ಮೀನನ್ನು ಜಾಡಿಯಲ್ಲಿ ಹಾಕಿಡಲು ಯಾರಿಂದಾದೀತು? ಹಾಗಾಗಿ ಸಂಗ್ರಹಾಲಯಕ್ಕೆ ಸೇರುವುದು ಸಾಮಾನ್ಯವಾಗಿ ಚಿಕ್ಕ ಮೀನುಗಳೇ.

ಈ ಕತೆಯ ತಿರುವೂ ಅಲ್ಲೇ ಇದೆ. ಕಾವೇರಿ ಕೊಳ್ಳಕ್ಕೇ ಸೇರಿದ, ಕೇರಳದ ಚಿನ್ನಾರ್ ಕಾಡಿನಲ್ಲಿ ಹರಿಯುವ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ನೋಡಿ ಕೇರಳದ ಇಬ್ಬರು ಸಂಶೋಧಕರು ‘ಟಾರ್ ರೆಮಾದೇವಿ’ ಎಂಬ ಹೊಸ ಜಾತಿಯನ್ನು ವಿವರಿಸಿದ್ದರು. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ಮೀನುತಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರು. ಆ ಪುಟ್ಟ ಮೀನಿಗೂ ಕಬಿನಿಯ ದೈತ್ಯನಿಗೂ ನಂಟಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ನಂಟು ಬೆಸೆದದ್ದು ವಂಶವಾಹಿ. ರೆಕ್ಕೆಯ ಚೂರೊಂದನ್ನು ಕತ್ತರಿಸಿ ಮದ್ಯಸಾರದಲ್ಲಿ ಅದ್ದಿಟ್ಟರೆ ಸಾಕು, ಮೀನನ್ನು ಮತ್ತೆ ನೀರಿಗೆ ಬಿಡಬಹುದು. ಹಳೆಯ ಜಾಡಿಗಳ ಫಾರ್ಮಲಿನ್ ಮಾತ್ರ ಡಿಎನ್‌ಎಯನ್ನು ಕೆಡಿಸಿಬಿಡುತ್ತದೆ. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸಿಓಐ ಎಂಬ ವಂಶವಾಹಿಯ ಸುಮಾರು 650 ಅಕ್ಷರಗಳನ್ನು ಓದಿ ಜಾತಿ ಗುರುತಿಸಬಹುದೆಂದು ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ ಸೂಚಿಸಿದ್ದರು. ಕಾವೇರಿ ಕೊಳ್ಳದ್ದೇ ಆದ ಮೋಯಾರ್ ಹೊಳೆ ಮತ್ತು ಕಾವೇರಿಯ ಗೂನು ಮೀನುಗಳನ್ನು ಪಾಂಬಾರಿನವುಗಳ ಜೊತೆ ಇಟ್ಟು ನೋಡಿದ ಭಾರತ–ಬ್ರಿಟನ್ ತಂಡ, ಎರಡೂ ಒಂದೇ ಎಂದು 2018ರಲ್ಲಿ ಪ್ರಕಟಿಸಿತು. ಅಂಗರಚನೆಯ ಅಳತೆಗಳೂ ತಾಳೆಯಾದವು. ಅದೇ ವರ್ಷ ಮೀನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಗೆ, ಅದೂ ಅಳಿವಿನ ತೀರಾ ಅಂಚಿನಲ್ಲಿರುವ ಜಾತಿಗಳ ಸಾಲಿಗೆ ಸೇರಿತು. ಹೆಸರಿಲ್ಲದೆ ಪಟ್ಟಿಗೆ ಸೇರಿಸುವಂತಿರಲಿಲ್ಲ.

ಅಷ್ಟರಲ್ಲಿ ಕಾವೇರಿಯಲ್ಲಿ ಬೇರೊಂದು ಸಂಗತಿ ನಡೆದುಹೋಗಿತ್ತು. ಮಹಶೀರ್ ಉಳಿಸುವ ಸದುದ್ದೇಶದಿಂದಲೇ ಲೋಣಾವಳದಲ್ಲಿ ಸಾಕಿದ ನೀಲಿರೆಕ್ಕೆಯ ‘ಟಾರ್ ಖುದ್ರಿ’ ಮರಿಗಳನ್ನು 1970ರ ದಶಕದಿಂದ ಇಲ್ಲಿಗೂ ತಂದು ಬಿಟ್ಟರು. ಪುಣೆ ಬಳಿಯ ಮುಳಾ-ಮುಠಾ ಹೊಳೆಯಿಂದ ವಿವರಿಸಿದ ಜಾತಿ ಅದು. ಕಾವೇರಿ ದಡದ ಗಾಲಿಬೋರೆಯಲ್ಲಿ ರಾಗಿಮುದ್ದೆಯ ಗಾಳ ಹಾಕಿ, ಹಿಡಿದು ಬಿಡುತ್ತಿದ್ದವರ 1998ರಿಂದ 2012ರವರೆಗಿನ ಲೆಕ್ಕ ನೋಡಿದರೆ ನೀಲಿರೆಕ್ಕೆಯದು ಏರುತ್ತಾ, ಗೂನಿನದು ಕುಸಿಯುತ್ತಾ ಬಂದಿದೆ. ಮರಿ ಬಿಟ್ಟವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಅವರ ಲೆಕ್ಕದಲ್ಲಿ ಮಹಶೀರ್ ಅಂದರೆ ಮಹಶೀರ್.

ಸಿಓಐಗೂ ಒಂದು ಕುರುಡು ಇದೆ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಗೂನಿನ ತಾಯಿಗೂ ನೀಲಿರೆಕ್ಕೆಯ ತಂದೆಗೂ ಹುಟ್ಟಿದ ಬೆರಕೆ ಮೀನು ಸಿಕ್ಕರೆ ಆ 650 ಅಕ್ಷರ ಅದನ್ನು ಅಪ್ಪಟ ರೆಮಾದೇವಿ ಎಂದೇ ಹೇಳುತ್ತದೆ. ಆಗ ಕೋಶಕೇಂದ್ರದ ಡಿಎನ್‌ಎಯನ್ನೂ ಓದಬೇಕು. ಜೊತೆಗೆ, ಗೂನು ಎಲ್ಲಿಂದ ಏಳುತ್ತದೆ, ಬಾಲ ಎಷ್ಟು ಕಿತ್ತಳೆಯಾಗಿದೆ ಎಂದು ಮೀನನ್ನೇ ತಿರುಗಿಸಿ ನೋಡಬೇಕು.